ಕೇಳೋರಿಗೆ ಸಂಬಳ, ಹೇಳೋರಿಗೆ ಏನು?

"ಮನೇಲೇ ಕೂತು ಫೋನಲ್ಲಿ ಸರ್ವೆ ತುಂಬಿ, ದಿನಕ್ಕೆ ಸಾವಿರ ಸಂಪಾದಿಸಿ" ಅನ್ನೋ ಮೆಸೇಜು ಈ ಮಳೆಗಾಲದಲ್ಲಿ ನಮ್ ಸಂಘದ ಗುಂಪಿಗೆ ಮೂರು ಸಲ ಬಂತು. ಮೂರನೇ ಸಲ ಹಾಕಿದವರು ನಮ್ ಚಿಕ್ಕವ್ವನೇ. ಕೆಳಗೆ ಒಂದು ಸಾಲು ಸೇರಿಸಿದ್ರು, "ಇದು ದಿಟವಾ ನೋಡಿ ಹೇಳು." ಹೌದು, ಇಲ್ಲ ಅಂತ ಒಂದೇ ಮಾತಲ್ಲಿ ಹೇಳೋ ವಿಷಯ ಅಲ್ಲ ಕಣ್ರಮ್ಮ ಇದು. ಸರ್ವೆಗೆ ದುಡ್ಡು ಅನ್ನೋದು ಇರೋ ವಿಷಯವೇ. ಆ ದುಡ್ಡು ಯಾರ ಕೈಯಿಂದ ಯಾರ ಕೈಗೆ ಹೋಗ್ತದೆ ಅನ್ನೋದ್ರಲ್ಲೇ ಎಲ್ಲಾ ಐತೆ. ಅದನ್ನ ಸರಿಯಾಗಿ ನೋಡ್ಬೇಕು ಅಂದ್ರೆ ಇನ್ನೂರು ವರ್ಷ ಹಿಂದಕ್ಕೆ ಹೋಗ್ಬೇಕು.

1799ರಲ್ಲಿ ಟಿಪ್ಪು ಸುಲ್ತಾನ್ ಸತ್ತ ಮೇಲೆ, ಕೈಗೆ ಬಂದ ಸೀಮೇಲಿ ಏನೇನ್ ಬೆಳೀತದೆ ಅಂತ ಕಂಪನಿ ಸರ್ಕಾರಕ್ಕೆ ಗೊತ್ತಾಗ್ಬೇಕಿತ್ತು. ಗವರ್ನರ್ ಜನರಲ್ ವೆಲ್ಲೆಸ್ಲಿ ಒಬ್ಬ ಸ್ಕಾಟ್ಲೆಂಡಿನ ಡಾಕ್ಟರನ್ನ ಕಳಿಸ್ದ. ಅವನ ಹೆಸರು ಫ್ರಾನ್ಸಿಸ್ ಬುಕಾನನ್. 1800ರಲ್ಲಿ ಮದರಾಸಿಂದ ಹೊರಟೋನು ಮೈಸೂರು ಸೀಮೆ, ಮಲಬಾರು, ಕೆನರಾ ಎಲ್ಲಾ ಸುತ್ತಿ 1801ರಲ್ಲಿ ಮುಗಿಸ್ದ. ಊರಿಂದ ಊರಿಗೆ ಹೋಗಿ ಕೇಳಿದ್ದೇ ಕೇಳಿದ್ದು. ಭತ್ತಕ್ಕೆ ಎಷ್ಟು ಸಲ ಉಳ್ತೀರಿ, ಬೀಜ ಎಷ್ಟು ಹಾಕ್ತೀರಿ, ಕಂದಾಯ ಎಷ್ಟು, ನೇಯೋರಿಗೆ ಒಂದು ಸೀರೆಗೆ ಏನ್ ಸಿಗ್ತದೆ, ಮದುವೆ ಹೆಂಗೆ ಮಾಡ್ತೀರಿ. 1807ರಲ್ಲಿ ಲಂಡನ್ನಲ್ಲಿ ಮೂರು ದಪ್ಪ ಪುಸ್ತಕ ಆಗಿ ಅಚ್ಚಾಯ್ತು. ಬುಕಾನನ್‌ಗೆ ಕಂಪನಿ ಸಂಬಳ ಇತ್ತು. ಉಳೋದು ಬಿಟ್ಟು ನಿಂತು ಉತ್ತರ ಕೊಟ್ಟ ರೈತನ ಆ ಹೊತ್ತಿಗೆ ಬೆಲೆ ಕಟ್ಟಬೇಕು ಅಂತ ಯಾರಿಗೂ ಹೊಳೀಲಿಲ್ಲ. ಇವತ್ತು ಆ ಕಾಲದ ನಮ್ ಬೇಸಾಯ ತಿಳೀಬೇಕು ಅಂದ್ರೆ ಎಲ್ರೂ ಬಿಚ್ಚೋದು ಅದೇ ಪುಸ್ತಕ.

ಆಮೇಲೆ ಬಂತು ಜನಗಣತಿ. ಮೈಸೂರು ಸೀಮೇಲಿ ಕ್ರಮವಾಗಿ ತಲೆ ಎಣಿಸಿದ್ದು 1871ರಲ್ಲಿ. ಹತ್ತು ವರ್ಷ ಬಿಟ್ಟು 1881ರಲ್ಲಿ ಇಡೀ ಇಂಡಿಯಾದ ಜೊತೆಗೆ ಮತ್ತೆ ಎಣಿಸಿದ್ರು. ಸ್ವಾತಂತ್ರ್ಯ ಬಂದ ಮೇಲೆ ಅದಕ್ಕೇ ಅಂತ ಒಂದು ಕಾನೂನು ಆಯ್ತು, 1948ರ ಜನಗಣತಿ ಕಾಯ್ದೆ. ಅದ್ರ ಪ್ರಕಾರ ಕೇಳಿದ್ದಕ್ಕೆ ಉತ್ತರ ಕೊಡ್ಲೇಬೇಕು. ಆದ್ರೆ ಅದ್ರಲ್ಲೇ ಒಂದು ವಿನಾಯಿತಿ ಬರೆದವ್ರೆ, ಓದಿದಾಗ ನಂಗೆ ನಮ್ಮಜ್ಜಿ ಕಣ್ಮುಂದೆ ಬಂದ್ರು: ಗಂಡನ ಹೆಸರಾಗ್ಲಿ, ಸಂಪ್ರದಾಯದ ಪ್ರಕಾರ ಬಾಯಲ್ಲಿ ಹೇಳಬಾರದ ಯಾರ ಹೆಸರಾಗ್ಲಿ, ಹೇಳಲೇಬೇಕು ಅಂತ ಯಾವ ಹೆಂಗಸನ್ನೂ ಬಲವಂತ ಮಾಡೋ ಹಾಗಿಲ್ಲ. ನಮ್ಮಜ್ಜಿ ಕಡೇತನಕ ತಾತನ ಹೆಸರು ಬಾಯಲ್ಲಿ ಹೇಳ್ದೋರಲ್ಲ. ದೇಶದ ಕಾನೂನು ಅಂಥವರಿಗೂ ಒಂದು ಮಣೆ ಹಾಕಿತ್ತು ಅಂತ ಗೊತ್ತಿದ್ದಿದ್ರೆ ಅವ್ರು ನಗಾಡ್ತಿದ್ರು.

ಹೆಂಗಸರ ಹತ್ರಾನೇ ಕೂತು ಕೇಳೋ ದೊಡ್ಡ ಸರ್ವೆ ನಮ್ಮ ರಾಜ್ಯಕ್ಕೆ ಬಂದಿದ್ದು 1950ರ ಆಚೀಚೆ. ವಿಶ್ವಸಂಸ್ಥೆ, ಭಾರತ ಸರ್ಕಾರ ಎರಡೂ ಸೇರಿ ಮೈಸೂರು ಜನಸಂಖ್ಯಾ ಅಧ್ಯಯನ ಅಂತ ಮಾಡಿದ್ರು. ಪುಸ್ತಕ ಬಂದಿದ್ದು 1961ರಲ್ಲಿ. ಎಷ್ಟು ಹೆತ್ತಿರಿ, ಎಷ್ಟು ಉಳಿದಾವೆ, ಇನ್ನೂ ಬೇಕಾ ಅಂತೆಲ್ಲ ಕೇಳಿದ್ರು. ಗಂಡನ ಹತ್ರಾನೂ ಆಡದ ಮಾತು ಅವು. ಅದೇ ಸುಮಾರಿಗೆ ರಾಮನಗರದಲ್ಲಿ ಇನ್ನೊಂದು ಪ್ರಯೋಗ ನಡೀತು. ವಿಶ್ವ ಆರೋಗ್ಯ ಸಂಸ್ಥೆ ಕಡೆಯಿಂದ ಅಬ್ರಹಾಂ ಸ್ಟೋನ್ ಅನ್ನೋ ಅಮೆರಿಕದ ಡಾಕ್ಟರು ಬಂದು, ತಿಂಗಳ ದಿನಗಳ ಲೆಕ್ಕ ಇಟ್ಟು ಬಸುರಿ ತಪ್ಪಿಸೋದು ಹೆಂಗೆ ಅಂತ ಕಲಿಸೋಕೆ, ಹೆಂಗಸರಿಗೆ ಬಣ್ಣದ ಮಣಿ ಸರ ಕೊಡಿಸಿದ್ರು. ಒಂದು ಬಣ್ಣ ಭಯ ಇಲ್ಲದ ದಿನ, ಇನ್ನೊಂದು ಬಣ್ಣ ಹುಷಾರಾಗಿರೋ ದಿನ. ದಿನಕ್ಕೊಂದು ಮಣಿ ಸರಿಸ್ಬೇಕು. ಯಾರ ಕಣ್ಣಿಗೂ ಬೀಳದ ಹಾಗೆ ಎಣಿಸೋ ಲೆಕ್ಕ ಅದು. ತುಂಬು ಮನೇಲಿ ಅತ್ತೆ ನಾದಿನಿ ಮುಂದೆ ಅದನ್ನ ಎಲ್ಲಿ ತೂಗುಹಾಕ್ಕಳೋದು ಹೇಳಿ! ಪ್ರಯೋಗ ಅಷ್ಟೇನೂ ಫಲ ಕೊಡ್ಲಿಲ್ಲ.

ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆ ಶುರುವಾಗಿದ್ದೂ 1950ರಲ್ಲೇ. ಹೋದ ತಿಂಗಳು ಅಕ್ಕಿ ಎಷ್ಟು, ಎಣ್ಣೆ ಎಷ್ಟು, ಸೋಪು ಎಷ್ಟು ಅಂತ ಮನೆ ಮನೆಗೆ ಬಂದು ಕೇಳ್ತಾರೆ. ಯಜಮಾನರ ಹೆಸರಲ್ಲಿ ಬರ್ಕಂಡ್ರೂ ಉತ್ತರ ಬರೋದು ಅಡುಗೆಮನೆಯಿಂದಾನೇ ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ. 2022-23ರ ಲೆಕ್ಕದಲ್ಲಿ ಹಳ್ಳಿ ಕಡೆ ತಲೆಗೆ ತಿಂಗಳಿಗೆ 3,773 ರೂಪಾಯಿ ಖರ್ಚು, ಪೇಟೇಲಿ 6,459 ಅಂತ ಬಂತಲ್ಲ, ಅದು ಹಿಂಗೆ ಕೂಡಿದ ಲೆಕ್ಕ. ಇವರೇ 2019ರಲ್ಲಿ ಇನ್ನೊಂದು ಸರ್ವೆ ಮಾಡಿದ್ರು. ಬೆಳಗಿನ ಜಾವ ನಾಕು ಗಂಟೆಯಿಂದ ಮಾರನೇ ದಿನ ನಾಕು ಗಂಟೆತನಕ, ಅರ್ಧ ಅರ್ಧ ಗಂಟೆಗೆ ಏನ್ ಮಾಡ್ತಿದ್ರಿ ಅಂತ ಕೇಳೋದು. ಅದ್ರಲ್ಲಿ ಸಿಕ್ಕಿದ್ದು: ಮನೆಗೆಲಸ ಮಾಡೋ ಹೆಂಗಸರು ಕೂಲಿ ಇಲ್ಲದ ಆ ಕೆಲಸದಲ್ಲಿ ದಿನಕ್ಕೆ ಸರಾಸರಿ 299 ನಿಮಿಷ, ಅದಕ್ಕೆ ಕೈಹಾಕೋ ಗಂಡಸರು 97 ನಿಮಿಷ. ಐದು ಗಂಟೆಗೆ ಒಂದೇ ನಿಮಿಷ ಕಡಿಮೆ. ಇದನ್ನ ಕೂತು ಹೇಳಿದ ಹೊತ್ತಿಗೂ ಕೂಲಿ ಇಲ್ಲ ಅಂದ್ಕಂಡು ನಂಗೆ ನಗು ಬಂತು.

ಮೊನ್ನೆ 2025ರ ಸೆಪ್ಟೆಂಬರಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಬಂದಾಗ್ಲೂ ಅಷ್ಟೇ. ಮೊದ್ಲು ಗೋಡೆಗೆ ಸ್ಟಿಕ್ಕರ್ ಹಚ್ಚಿದ್ರು, ಆಮೇಲೆ ಮೇಷ್ಟ್ರು, ಟೀಚರಮ್ಮ ಫೋನ್ ಹಿಡ್ಕಂಡು ಬಂದು 60 ಪ್ರಶ್ನೆ ಕೇಳಿದ್ರು. ಅವರಿಗೆ ಗೌರವಧನ. ಕೊಡ್ಲೇಬೇಕು, ನೆಟ್‌ವರ್ಕ್ ಹುಡುಕ್ಕಂಡು ಮಳೇಲಿ ಅಂಗಳದಿಂದ ಅಂಗಳಕ್ಕೆ ತಿರುಗಿದವರು ಅವ್ರು. ನಾವು ಕಾಫಿ ಕೊಟ್ವಿ, ಉತ್ತರ ಕೊಟ್ವಿ. ಇದ್ರಲ್ಲಿ ನಂದೇನೂ ತಕರಾರಿಲ್ಲ. ರಸ್ತೆ, ರೇಷನ್ನು, ಇಸ್ಕೂಲು ಎಲ್ಲಾ ಆ ಲೆಕ್ಕದ ಮೇಲೇ ನಿಲ್ಲೋದು. ಇಷ್ಟು ಕಾಲದಲ್ಲಿ ಒಂದು ಮಾತ್ರ ಬದಲಾಗ್ಲಿಲ್ಲ. ಕೇಳೋರು ಕಾಸು ಕೊಡದೆ ಇರಬೋದು, ಆದ್ರೆ ಉತ್ತರ ಕೊಡೋರ ಹತ್ರ ಕಾಸು ಯಾರೂ ಕೇಳ್ಲಿಲ್ಲ.

ಮನೇಲಿ ಕೂತು ಮಾಡೋ ದುಡಿಮೆಗೂ ಇದೇ ಕ್ರಮ ಇತ್ತು. ಮಂಗಳೂರು ಕಡೆ ಹೆಂಗಸರು ಬೀಡಿ ಕಟ್ಟೋರಲ್ಲ, ಎಲೆ, ಹೊಗೆಸೊಪ್ಪು ಎಲ್ಲಾ ಕಂಟ್ರಾಕ್ಟರೇ ಕೊಡ್ತಿದ್ದ. ಸಾವಿರಕ್ಕೆ ಇಷ್ಟು ಅಂತ ಮಜೂರಿ. ಸರಿ ಇಲ್ಲ ಅಂತ ಒಂದಷ್ಟು ಬೀಡಿ ಆಚೆ ಹಾಕೋನು, ಆ ಮೋಸ ಇತ್ತು. ಆದ್ರೂ 1966ರ ಬೀಡಿ ಕಾರ್ಮಿಕರ ಕಾಯ್ದೆ, ಮನೇಲಿ ಕೂತು ಕಟ್ಟೋಳನ್ನೂ ಕಾರ್ಮಿಕಳು ಅಂತ ಒಪ್ತು. ಬೆಂಗಳೂರು, ಮೈಸೂರು ಕಡೆ ಊದುಬತ್ತಿ ಹೊಸೆಯೋದೂ ಸಾವಿರದ ಲೆಕ್ಕವೇ. 1959ರ ಮಾರ್ಚಲ್ಲಿ ಮುಂಬೈನ ಗಿರ್ಗಾಂವಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲ ತಂದು ಹಪ್ಪಳ ಶುರು ಮಾಡಿದ್ರು, ಅದೇ ಲಿಜ್ಜತ್ ಆಯ್ತು. ಅಲ್ಲೂ ಕಲಸಿದ ಹಿಟ್ಟನ್ನ ಸಂಸ್ಥೆ ಕೊಡ್ತದೆ, ಮನೆಗೆ ತಂದು ಲಟ್ಟಿಸಿ ಒಣಗಿಸಿ ವಾಪಸ್ ಕೊಟ್ರೆ ತೂಕಕ್ಕೆ ಕೂಲಿ. ನಮ್ ಕಡೆ ಕಾಫಿ ಹಣ್ಣು ಬಿಡಿಸೋದೂ ಕೆ.ಜಿ. ಲೆಕ್ಕ ಅಲ್ವಾ. ತೋಟಕ್ಕೆ ಇಳಿಯೋ ಮೊದ್ಲು ಸಾಹುಕಾರ್ರಿಗೆ ನೀನೇ ದುಡ್ಡು ಕೊಡು ಅಂತ ಯಾರಾದ್ರೂ ಹೇಳಿದ್ರೆ ನಮ್ ಹೆಂಗಸರು ಕುಕ್ಕೆ ಬಿಸಾಕಿ ಬರ್ತಿದ್ರು.

ಆ ಕ್ರಮ ತಲೆಕೆಳಗಾಗಿದ್ದು ಇಂಟರ್ನೆಟ್ ಸರ್ವೆ ಕಾಲದಲ್ಲಿ. ಆ ಕಥೇನ ಸ್ವಲ್ಪ ನಿಧಾನಕ್ಕೇ ಹೇಳ್ಬೇಕು.

2010ರಲ್ಲಿ ಸ್ಪೀಕ್ ಏಷ್ಯಾ ಅಂತ ಒಂದು ಕಂಪನಿ ಹೆಸರು ಊರೂರಲ್ಲಿ ಕೇಳಿಸ್ತು. ಸಿಂಗಾಪುರದ್ದು ಅಂತ ಹೇಳ್ಕಂಡಿದ್ರು. ಟೀವೀಲಿ ಜಾಹೀರಾತು, ದೊಡ್ಡ ದೊಡ್ಡ ಹೋಟ್ಲಲ್ಲಿ ಸಭೆ. ಲೆಕ್ಕ ಹಿಂಗಿತ್ತು. ವರ್ಷಕ್ಕೆ 11,000 ರೂಪಾಯಿ ಕಟ್ಟಿ ಅವರ ಇಂಟರ್ನೆಟ್ ಪತ್ರಿಕೆಗೆ ಚಂದಾದಾರರಾಗ್ಬೇಕು. ವಾರಕ್ಕೆ ಎರಡು ಸರ್ವೆ ಬರ್ತವೆ, ಸುಲಭದ ಪ್ರಶ್ನೆ. ಒಂದಕ್ಕೆ 500, ಎರಡಕ್ಕೆ ಸಾವಿರ. ವರ್ಷಕ್ಕೆ 52 ವಾರ, 52,000. ಇನ್ನೊಬ್ಬರನ್ನ ಸೇರಿಸಿದ್ರೆ ಅದಕ್ಕೆ ಬೇರೆ ದುಡ್ಡು. ಮೊದ್ಲು ಸೇರಿದವರಿಗೆ ದುಡ್ಡು ಬಂದಿದ್ದೂ ಹೌದು. ಅದೇ ನೋಡಿ ಗಾಳ. ಪಕ್ಕದ ಮನೆಯೋಳ ಖಾತೆಗೆ ದುಡ್ಡು ಬಂದಿದ್ದನ್ನ ಕಣ್ಣಾರೆ ಕಂಡ ಮೇಲೆ ಯಾರ ಮಾತು ಕಿವಿಗೆ ಹೋಗ್ತದೆ?

ಈಗ ಒಂದು ಲೆಕ್ಕ ಹಾಕಣ, ಚೀಟಿ ಲೆಕ್ಕ ಬರೋರಿಗೆ ಇದು ಕಷ್ಟ ಅಲ್ಲ. ನಮ್ ಉತ್ತರ ಕೊಂಡ್ಕಳೋಕೆ ಹೊರಗಿಂದ ಯಾರೂ ದುಡ್ಡು ಕೊಡ್ದಿದ್ರೆ ಒಬ್ಬಳಿಗೆ ಕೊಡೋ 52,000 ಎಲ್ಲಿಂದ ಬರ್ಬೇಕು? ಹೊಸದಾಗಿ ಸೇರೋರ 11,000ದಿಂದ. ಅಂದ್ರೆ ಒಬ್ಬಳ ಹಿಂದೆ ಹತ್ರತ್ರ ಐದು ಜನ ಬೇಕು. ಆ ಐವರಿಗೆ ಕೊಡೋಕೆ 25 ಜನ. ಅವರಿಗೆ 125. ಆಮೇಲೆ 625, ಆಮೇಲೆ 3,125. ಹಿಂಗೇ ಐದೈದರಿಂದ ಗುಣಿಸ್ಕಂಡು ಹೋದ್ರೆ ಹದಿಮೂರನೇ ಮೆಟ್ಟಿಲಿಗೆ ಎಷ್ಟಾಗ್ತದೆ ಗೊತ್ತಾ? 122 ಕೋಟಿ. 2011ರ ಜನಗಣತಿಯಲ್ಲಿ ಇಡೀ ದೇಶದ ಜನ 121 ಕೋಟಿ. ತೊಟ್ಟಿಲ ಮಗು, ಹಾಸಿಗೆ ಹಿಡಿದ ಅಜ್ಜಿ ಎಲ್ಲರ ಹೆಸರಲ್ಲೂ 11,000 ಕಟ್ಟಿಸಿದ್ರೂ ಹದಿಮೂರೇ ಮೆಟ್ಟಿಲಿಗೆ ಜನ ಮುಗೀತು.

2011ರ ಮೇ ತಿಂಗಳಲ್ಲಿ ಟೀವಿ ಚಾನೆಲ್ಲುಗಳು ಕೇಳೋಕೆ ಶುರು ಮಾಡಿದ್ವು, ನಿಮ್ಮ ಸರ್ವೆಗಳನ್ನ ಕೊಂಡ್ಕಳೋರು ಯಾರು ಅಂತ. ನಮಗಾಗಿ ಸರ್ವೆ ಮಾಡ್ತಾರೆ ಅಂತ ಹೆಸರು ಬಂದಿದ್ದ ದೊಡ್ಡ ಕಂಪನಿಗಳು ನಮಗೂ ಇವರಿಗೂ ಸಂಬಂಧ ಇಲ್ಲ ಅಂದ್ವು. ದುಡ್ಡು ಬರೋದು ನಿಂತೋಯ್ತು. ಮುಂಬೈ ಪೊಲೀಸರ ಆರ್ಥಿಕ ಅಪರಾಧ ವಿಭಾಗ ಕೇಸು ಹಾಕ್ತು. ಅವರ ಲೆಕ್ಕದಲ್ಲಿ ದುಡ್ಡು ಹಾಕಿದವರು ಸುಮಾರು 24 ಲಕ್ಷ ಜನ, ಮೊತ್ತ 2,000 ಕೋಟಿಗೂ ಮೇಲೆ. ನಂಗೆ ಇದ್ರಲ್ಲಿ ಎಲ್ಲಕ್ಕಿಂತ ಸಂಕಟ ಆಗಿದ್ದು ಇನ್ನೊಂದು. ದುಡ್ಡು ಹಾಕಿದವರೇ ಒಂದು ಸಂಘ ಕಟ್ಕಂಡು, ಕಂಪನಿ ನಿಲ್ಲಿಸಬೇಡಿ, ನಡೀಲಿ ಬಿಡಿ ಅಂತ ಕಂಪನಿ ಪರವಾಗೇ ನಿಂತ್ರು. ಮೇಲಿನ ಮೆಟ್ಟಿಲ ಲೆಕ್ಕ ನೋಡಿದ್ರೆ ಅದು ಅರ್ಥ ಆಗ್ತದೆ. ನಡೆದ್ರೆ ತಾನೆ ನಮ್ ದುಡ್ಡು ಹುಟ್ಟೋದು. ಅವರು ಸುಪ್ರೀಂ ಕೋರ್ಟಿಗೂ ಹೋದ್ರು, ಕೋರ್ಟು ನಿವೃತ್ತ ಮುಖ್ಯ ನ್ಯಾಯಮೂರ್ತಿ ಆರ್.ಸಿ. ಲಹೋಟಿ ಅವರನ್ನ ಮಧ್ಯಸ್ಥಿಕೆಗೆ ನೇಮಿಸ್ತು. 2013ರಲ್ಲೂ ಪೊಲೀಸರು ಇನ್ನೂ ಬಂಧಿಸ್ತಾನೇ ಇದ್ರು.

ಹಂಗಂತ ಎಲ್ಲಾ ಸರ್ವೆಯೂ ಮೋಸ ಅಲ್ಲ. ಸೋಪು, ಬಿಸ್ಕತ್ತು, ಫೋನು ಮಾರೋರಿಗೆ ಜನ ಏನಂತಾರೆ ಅಂತ ಗೊತ್ತಾಗ್ಬೇಕು, ಅದಕ್ಕೆ ಅವರು ನಿಜವಾಗ್ಲೂ ದುಡ್ಡು ಖರ್ಚು ಮಾಡ್ತಾರೆ. ನಡುವೆ ಒಂದು ಸರ್ವೆ ಕಂಪನಿ ಇರ್ತದೆ, ಅದ್ರಲ್ಲಿ ಹೆಸರು ಬರೆಸೋಕೆ ಕಾಸು ಕೇಳಲ್ಲ. ಆದ್ರೆ ಸಿಗೋದು ಸಾಸಿವೆ ಡಬ್ಬೀಲಿ ಇಡೋವಷ್ಟು, ಅಷ್ಟೇ. ಅದೂ ಬಹಳ ಸಲ ನಗದು ಅಲ್ಲ, ಪಾಯಿಂಟು, ಇಲ್ಲಾಂದ್ರೆ ಅಂಗಡಿ ಕೂಪನ್ನು. ಇಷ್ಟು ಪಾಯಿಂಟ್ ತುಂಬೋತನಕ ತೆಗೆಯೋಂಗಿಲ್ಲ. ಐದಾರು ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆ "ಈ ಸರ್ವೆಗೆ ನೀವು ಹೊಂದಲ್ಲ" ಅಂತ ಆಚೆ ಹಾಕ್ತಾರೆ, ಆ ಹೊತ್ತಿಗೆ ಏನೂ ಇಲ್ಲ. ಕಾರು ಇರೋರು, ವಿಮಾನ ಹತ್ತೋರು ಬೇಕು ಅಂದ್ರೆ ಹಸು, ಮೆಣಸಿನ ಬಳ್ಳಿ ಇರೋ ನಾವು ಅವರಿಗೆ ಯಾಕೆ? ಪ್ರಶ್ನೆಗಳೂ ಬಹಳ ಕಡೆ ಇಂಗ್ಲಿಷಲ್ಲೇ. ಗೂಗಲ್‌ನೋರ ಒಪಿನಿಯನ್ ರಿವಾರ್ಡ್ಸ್ ಅಂತ ಒಂದೈತೆ, ಅದು ದಿಟವಾದ್ದೇ. ಆಂಡ್ರಾಯ್ಡ್ ಫೋನಲ್ಲಿ ಅದು ಕೊಡೋದು ಪ್ಲೇ ಸ್ಟೋರ್ ಕ್ರೆಡಿಟ್ಟು. ಅದ್ರಲ್ಲಿ ಮಗ ಗೇಮ್ ತಗೋಬೋದು, ನೀವು ಸಂತೇಲಿ ಈರುಳ್ಳಿ ತಗಳೋಕಾಗಲ್ಲ.

ಈಗ ಬರೋ ಮೆಸೇಜುಗಳು ಸ್ಪೀಕ್ ಏಷ್ಯಾ ಥರ ಹೋಟ್ಲಲ್ಲಿ ಸಭೆ ಮಾಡಲ್ಲ. ಮೊದ್ಲು ವಿಡಿಯೋಗೆ ಲೈಕ್ ಒತ್ತಿ, ಮ್ಯಾಪಲ್ಲಿ ಹೋಟ್ಲಿಗೆ ಸ್ಟಾರ್ ಕೊಡಿ, ನಾಕು ಪ್ರಶ್ನೆ ತುಂಬಿ ಅಂತಾರೆ. ನೂರಿನ್ನೂರು ಖಾತೆಗೆ ಬಂದೇ ಬಿಡ್ತದೆ. ಆಮೇಲೆ "ಇನ್ನೂ ದೊಡ್ಡ ಕೆಲಸಕ್ಕೆ" ಸಾವಿರ ಹಾಕಿ, ಐದು ಸಾವಿರ ಹಾಕಿ, ಸಿಕ್ಕಾಕ್ಕಂಡಿರೋ ದುಡ್ಡು ಬಿಡಿಸ್ಕಳೋಕೆ ತೆರಿಗೆ ಕಟ್ಟಿ. ನಮಗೆ ಗೊತ್ತಿರೋ ಒಬ್ಬರು ಮಗಳ ಫೀಜಿಗೆ ಅಂತ ಎತ್ತಿದ ಚೀಟಿ ದುಡ್ಡು ಹಿಂಗೇ ಕಳಕಂಡ್ರು, ಮನೇಲಿ ಇನ್ನೂ ಹೇಳಿಲ್ಲ. 2023ರ ಡಿಸೆಂಬರಲ್ಲಿ ಕೇಂದ್ರ ಸರ್ಕಾರ ಇಂಥ 100ಕ್ಕೂ ಹೆಚ್ಚು ವೆಬ್‌ಸೈಟ್ ಮುಚ್ಚಿಸ್ತು. ಆವಾಗ ಗೃಹ ಇಲಾಖೆ ಕೊಟ್ಟ ಪ್ರಕಟಣೇಲಿ, ಇವರು ಗುರಿ ಇಡೋದು ನಿವೃತ್ತರು, ಹೆಂಗಸರು, ಕೆಲಸ ಇಲ್ಲದ ಹುಡುಗರಿಗೆ ಅಂತ ಹೆಸರು ಹಿಡಿದೇ ಹೇಳಿದ್ರು. ಹಿಂಗಾಗಿದ್ರೆ ನಾಚಿಕೆ ಪಡ್ತಾ ಕೂರಬೇಡಿ, 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡ್ತೀರೋ ಅಷ್ಟು ದುಡ್ಡು ದಾರೀಲೇ ತಡೆಯೋ ಸಾಧ್ಯತೆ ಐತೆ. ಯಾವ ಸರ್ವೆಗೂ ಓಟಿಪಿ, ಬ್ಯಾಂಕ್ ಪಿನ್ನು ಬೇಕಾಗಲ್ಲ.

ಇನ್ನೊಂದು ಸಂಗತಿ ಐತೆ, ಚಿಕ್ಕವ್ವಂಗೆ ನಾನು ಮುಖ್ಯವಾಗಿ ಹೇಳಿದ್ದು ಅದನ್ನೇ. ಚಾಮರಾಜನಗರ ಜಿಲ್ಲೆಯ ಆಲಹಳ್ಳಿ, ಚಿಲಕವಾಡಿ ಅನ್ನೋ ಊರುಗಳ ಹೆಂಗಸರ ವಿಷಯ 2023ರ ಜುಲೈಯಲ್ಲಿ ಅಮೆರಿಕದ ಟೈಮ್ ಪತ್ರಿಕೇಲಿ ಬಂತು. ಅವರು ಮಾಡ್ತಿದ್ದ ಕೆಲಸ ಏನು ಅಂದ್ರೆ, ಫೋನ್ ಪರದೆ ಮೇಲೆ ಬರೋ ಕನ್ನಡ ವಾಕ್ಯನ ಗಟ್ಟಿಯಾಗಿ ಓದೋದು. ಫೋನು ಅದನ್ನ ರೆಕಾರ್ಡ್ ಮಾಡ್ಕಳ್ತದೆ. ಕಂಪ್ಯೂಟರಿಗೆ ಕನ್ನಡ ಕಲಿಸೋಕೆ ಆ ಧ್ವನಿ ಬೇಕು. ಇಂಗ್ಲಿಷಿಗೆ ಇಂಟರ್ನೆಟ್ಟಲ್ಲಿ ಬೇಕಾದಷ್ಟು ಬಿದ್ದೈತೆ, ಕನ್ನಡ ಹಂಗೆ ಪುಕ್ಕಟೆ ಸಿಗಲ್ಲ, ಅದಕ್ಕೇ ಅದಕ್ಕೆ ಬೆಲೆ. ಮಾಡಿಸಿದ್ದು ಕಾರ್ಯ ಅನ್ನೋ ಸಂಸ್ಥೆ. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿ, 2021ರಲ್ಲಿ ಲಾಭ ನೋಡದ ಸಂಸ್ಥೆ ಆಗಿ ಬೇರೆಯಾಯ್ತು. ಗಂಟೆಗೆ ಕನಿಷ್ಠ 5 ಡಾಲರ್ ಕೊಡೋದು ಅಂತ ಅವರ ನಿಯಮ, ಆಗಿನ ಲೆಕ್ಕದಲ್ಲಿ 400 ರೂಪಾಯಿಗೂ ಜಾಸ್ತಿ. ಓದಿದ್ದನ್ನ ಮತ್ತೆ ಬೇರೆಯೋರಿಗೆ ಮಾರಿದ್ರೆ ಓದಿದವರಿಗೂ ಪಾಲು ಅಂತಾನೂ ಇಟ್ಟವ್ರೆ. ಇನ್ನೂರು ವರ್ಷ ಎಲ್ಲರಿಗೂ ಪುಕ್ಕಟೆ ಉತ್ತರ ಕೊಟ್ಟ ಬಾಯಿಗೆ ಗಂಟೆ ಲೆಕ್ಕದಲ್ಲಿ ಕೂಲಿ ಬಂದಿದ್ದನ್ನ ನಾನು ನೋಡಿದ್ದು ಇದೊಂದೇ ಕಡೆ.

ಆದ್ರೆ ಇದು ವರ್ಷಪೂರ್ತಿ ಸಿಗೋ ಕೆಲಸ ಅಲ್ಲ. ಒಬ್ಬರಿಗೆ ಇಷ್ಟೇ ಅಂತ ಮಿತಿ ಐತೆ, ಬೇರೆಯೋರಿಗೂ ಸಿಗ್ಲಿ ಅಂತ. ವಾಕ್ಯ ಮುಗಿದ್ರೆ ಕೆಲಸ ಮುಗೀತು. ಇದೇ ಕೆಲಸನ ಪುಕ್ಕಟೆ ಮಾಡಿಸ್ಕಳೋರೂ ಅವ್ರೆ. ಕೇಂದ್ರ ಸರ್ಕಾರದ ಭಾಷಿಣಿ ಯೋಜನೇಲಿ ಜನರ ಹತ್ರ ಧ್ವನಿ ಕೇಳೋ ವಿಭಾಗದ ಹೆಸರೇ ಭಾಷಾದಾನ. ದಾನ ಅಂತ ಬಾಯಿಬಿಟ್ಟು ಹೇಳವ್ರೆ, ಅದು ಪ್ರಾಮಾಣಿಕವಾದ ಮಾತು, ಮನಸ್ಸಿದ್ದೋರು ಕೊಡಬೋದು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಅಂತ ನಾವು ಕರೀತೀವಲ್ಲ, ಆ ಭಾರತೀಯ ವಿಜ್ಞಾನ ಸಂಸ್ಥೆಯೋರು ಗೂಗಲ್ ಜೊತೆ ಸೇರ್ಕಂಡು ವಾಣಿ ಅನ್ನೋ ಯೋಜನೇಲಿ ದೇಶದ 773 ಜಿಲ್ಲೆ ಮಾತನ್ನೂ ಕೂಡಿಸ್ಬೇಕು ಅಂತ ಹೊರಟವ್ರೆ. ಪುಸ್ತಕದ ಕನ್ನಡ ಒಂದೇ ಸಾಲದು, ಜನ ಮನೇಲಿ ಆಡೋ ಥರದ್ದೇ ಬೇಕು ಅಂತ. ಇಸ್ಕೂಲಲ್ಲಿ "ಐತೆ" ಅಂದಿದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸ್ತಿದ್ರು, ಈಗ ಆ "ಐತೆ"ಗೆ ಇಷ್ಟು ದೊಡ್ಡ ಗಿರಾಕಿಗಳು.

ನಮ್ ತಾಲೂಕಿಗೂ ಯಾರಾದ್ರೂ ಹಿಂಗೆ ಓದಿಸೋಕೆ ಬಂದ್ರೆ ಚಿಕ್ಕವ್ವ ಮೊದಲ್ನೇ ಸಾಲಲ್ಲಿ ಕೂರ್ತಾರೆ, ಸೋಬಾನೆ ಪದ ಹೇಳೋ ಗಂಟಲು ಅದು. ಅವರಿಗೆ ನಾಕು ಪ್ರಶ್ನೆ ಒಂದು ಚೀಟೀಲಿ ಬರೆದು ಕೊಟ್ಟಿದೀನಿ, ಈ ಸಲ ನಾವೇ ಕೇಳೋಕೆ: ಗಂಟೆಗೆ ಎಷ್ಟು ಕೊಡ್ತೀರಿ, ಯಾವತ್ತು ಖಾತೆಗೆ ಬರ್ತದೆ, ಓದಿದ್ದು ಸರಿ ಇಲ್ಲ ಅಂತ ತೆಗೆದು ಹಾಕಿದ್ರೆ ಆ ಹೊತ್ತಿನ ಕೂಲಿ ಏನು, ನನ್ನ ದನಿನ ಯಾರಿಗೆ ಮಾರ್ತೀರಿ. ಅದನ್ನ ಅವರು ಕ್ಯಾಲೆಂಡರಿನ ಹಿಂದೆ ಸಿಕ್ಕಿಸವ್ರೆ.